ತೋಟದ ಪಿಕಪ್ಪು, ಚಿಕ್ಕಪ್ಪನ ನ್ಯಾನೋ

ಹಾಸ್ಟೆಲಲ್ಲಿ ಗಾಡಿ ವಿಷಯ ಬಂದ್ರೆ ನ್ಯಾನೋ ಅನ್ನೋದು ಒಂದು ಜೋಕು. "ಕಳಸದ ರೋಡಲ್ಲಿ ನ್ಯಾನೋನಾ? ಅಲ್ಲಿಗೆ ಪಿಕಪ್ಪೇ ಸರಿ ಮಾರಾಯ" ಅಂತ ಮೊನ್ನೆ ಮೆಕ್ಯಾನಿಕಲ್‌ನವನೊಬ್ಬ ತೀರ್ಪು ಕೊಟ್ಟ. ನಮ್ಮೂರಲ್ಲಿ ಎರಡೂ ಇವೆ: ತೋಟದ ಹಳೇ ಬೊಲೆರೋ ಪಿಕಪ್, ಚಿಕ್ಕಪ್ಪನ ಸೆಕೆಂಡ್‌ಹ್ಯಾಂಡ್ ನ್ಯಾನೋ. ಹಾಗಾಗಿ ನನ್ನದೂ ಒಂದು ಮಾತು.

ನ್ಯಾನೋ ನೀವಂದುಕೊಂಡಷ್ಟು ದಡ್ಡ ಗಾಡಿ ಅಲ್ಲ. 624 ಸಿಸಿ, ಎರಡೇ ಸಿಲಿಂಡರ್, ತೂಕ ಸುಮಾರು 600 ಕೆ.ಜಿ. ಎಂಜಿನ್ ಇರೋದು ಹಿಂದೆ, ಗಾಡಿ ತಳ್ಳೋದೂ ಹಿಂದಿನ ಚಕ್ರ. ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತೆ, ಹಿಡಿತ ಸಿಗುತ್ತೆ. ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳನ್ನು ಒದ್ದೆ ಏರಿನಲ್ಲಿ ರಿವರ್ಸ್ ಹತ್ತಿಸೋದು ಇದೇ ಲೆಕ್ಕಕ್ಕೆ. ನ್ಯಾನೋ ಸೋಲೋದು ಬೇರೆ ಕಡೆ. ಅದರದು 12 ಇಂಚಿನ ಚಕ್ರ. ಜೀಪು, ಪಿಕಪ್ಪು ಓಡಾಡಿ ಕೊರೆದ ಮಣ್ಣು ದಾರಿಗೆ ಇಳಿದರೆ ನಡುವಿನ ದಿಣ್ಣೆ ಹೊಟ್ಟೆಗೆ ತಾಗುತ್ತೆ. ಜೂನ್ ಬಂತೆಂದರೆ ಚಿಕ್ಕಪ್ಪ ಕಾರನ್ನು ಟಾರು ರಸ್ತೆ ಪಕ್ಕ ಬಿಟ್ಟು ನಡೆದೇ ಮನೆಗೆ ಬರ್ತಾರೆ.

ಪಿಕಪ್ಪಿಗೆ ಆ ಕಷ್ಟ ಇಲ್ಲ. ಎರಡೂವರೆ ಲೀಟರ್ ಡೀಸೆಲ್ ಎಂಜಿನ್, ಹಿಂದೆ ಲೀಫ್ ಸ್ಪ್ರಿಂಗ್. ಖಾಲಿ ಇದ್ದರೆ ಕುಣಿಯುತ್ತೆ, ಕೆಸರಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತೆ. 50 ಕೆ.ಜಿ.ಯ 18 ಕಾಫಿ ಮೂಟೆ ಹೇರಿ ನೋಡಿ, ಗಂಭೀರವಾಗಿ ಹೋಗುತ್ತೆ.

ನನ್ನ ತಕರಾರು ಇಲ್ಲಿಂದ ಶುರು. 18 ಮೂಟೆ ಅಂದರೆ 900 ಕೆ.ಜಿ. ತಲಾ 60 ಕೆ.ಜಿ.ಯ 15 ಜನ ಅಂದರೂ 900 ಕೆ.ಜಿ.ಯೇ. ಸ್ಪ್ರಿಂಗಿಗೆ ವ್ಯತ್ಯಾಸ ಗೊತ್ತಾಗಲ್ಲ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಕೆಲಸದವರು ಅದೇ ಪಿಕಪ್ಪಿನ ಹಿಂದೆ ನಿಂತು ಬರ್ತಾರೆ, ಸಂಜೆ ಮೂಟೆ ಮೇಲೆ ಕೂತು ಹೋಗ್ತಾರೆ. ಸರಕಿನ ಗಾಡಿಯಲ್ಲಿ ಜನ ತುಂಬಬಾರದು ಅಂತ ಕಾನೂನಿದೆ, ಎಲ್ಲರಿಗೂ ಗೊತ್ತು. ಆದರೆ ಮೂಟೆ ತಳದಲ್ಲಿ ಮಲಗಿರುತ್ತೆ. ನಿಂತ ಮನುಷ್ಯನ ಭಾರ ಸೊಂಟದ ಎತ್ತರದಲ್ಲಿರುತ್ತೆ. ಗಾಡಿಯ ಗುರುತ್ವ ಕೇಂದ್ರ ಅಷ್ಟು ಮೇಲೆ ಹೋಯ್ತು. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲ್ತಾರೆ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಇದು! "ಗಟ್ಟಿ ಗಾಡಿ" ಅಂತೀವಲ್ಲ, ಆ ಗಟ್ಟಿತನ ಮೂಟೆಯ ಲೆಕ್ಕದ್ದು.

ನ್ಯಾನೋ 2009ರಲ್ಲಿ ರಸ್ತೆಗೆ ಬಂತು, 2018ರಲ್ಲಿ ತಯಾರಿಕೆ ನಿಂತೇ ಹೋಯ್ತು. ಸೋತ ಗಾಡಿ, ಒಪ್ಪಿದೆ. ಆದರೆ ಮಳೆಯಲ್ಲಿ ಇಡೀ ಸಂಸಾರ ಒಂದೇ ಸ್ಕೂಟರ್ ಮೇಲೆ ಹೋಗೋದನ್ನು ನೋಡಿ ಈ ಯೋಚನೆ ಬಂತು ಅಂತ ರತನ್ ಟಾಟಾ ಹೇಳಿದ್ದರು. ಅಂದರೆ ಮೊದಲು ಕಣ್ಣಿಗೆ ಬಿದ್ದದ್ದು ನೆನೆಯುತ್ತಿದ್ದ ಜನ. ನಮ್ಮ ತೋಟದ ದಾರಿಯಲ್ಲಿ ನೆನೆಯುವವರನ್ನು ನೋಡಿ ಯಾರೂ ಗಾಡಿ ಮಾಡಲಿಲ್ಲ.

ಜೀಪ್ ಇದೆಯಲ್ಲ ಅಂತೀರಿ. ಇದೆ. ಕುದುರೆಮುಖ ಹತ್ತೋಕೆ ಬರುವವರು ಮುಳ್ಳೋಡಿಯವರೆಗೆ ಜೀಪಲ್ಲಿ ಸೀಟಿನ ಮೇಲೆ ಕೂತೇ ಹೋಗ್ತಾರೆ. ದುಡ್ಡು ಕೊಟ್ಟವರಿಗೆ ಸೀಟು, ದುಡಿಯೋಕೆ ಹೋಗುವವರಿಗೆ ಪಿಕಪ್ಪಿನ ಸರಳು.

ಹತ್ತು ಜನಕ್ಕೆ ಸೀಟು, ತಲೆ ಮೇಲೆ ಸೂರು, ದಿಣ್ಣೆಗೆ ತಾಗದಷ್ಟು ಎತ್ತರ, ನಾಲ್ಕು ಸಣ್ಣ ತೋಟದವರು ಸೇರಿ ಕೊಳ್ಳಬಹುದಾದ ಬೆಲೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಇದನ್ನೇ ತಗೋತೀನಿ ಅಂದೆ. "ಇದರಲ್ಲಿ ಎಐ ಎಲ್ಲಿದೆ?" ಅಂದರು ಗೈಡ್. ಆದ್ರೂ ಬಿಟ್ಟಿಲ್ಲ. ಟೀಮಿಗೆ ಇನ್ನೂ ಇಬ್ಬರು ಬೇಕು. ನ್ಯಾನೋ ನೋಡಿ ನಕ್ಕವರೂ ಬರಬಹುದು.