ಹಗ್ಗ ಕಟಗೊಂಡು ಏರಿದ್ರ ಗಂಡಸಲ್ಲೇನು?

"ಹಗ್ಗಾ ಕಟಗೊಂಡು ಏರೋದು ಏನ್ ದೊಡ್ಡ ಮಾತ್ರೀ ಸರ? ಚಿತ್ರದುರ್ಗದ ಕೋತಿರಾಜನ್ನ ನೋಡ್ರಿ, ಬರೇ ಕೈಲೇ ಏರ್ತಾನ!"

ಬಾದಾಮಿ ಊರಾಚೆಯ ಒಂದು ಕೆಂಪು ಬಂಡೆಯ ಬುಡದಲ್ಲಿ ಈ ಮಾತು ಕೇಳಿದಾಗಿನಿಂದ ತಲೆ ಕೆಟ್ಟಿದೆ. ಬರೆದಾದರೂ ಹಗುರಾಗೋಣ ಅಂತ ಕೂತಿದ್ದೇನೆ.

ಕಥೆ ಇಷ್ಟು. ನಾನು, ನನ್ನ ದೋಸ್ತ ಇಬ್ಬರೂ ಹೊಳೆಮಣ್ಣೂರಿನಿಂದ ಹೊಳೆಆಲೂರಿಗೆ ಬಂದು ಬಾದಾಮಿಗೆ ರೈಲು ಹತ್ತಿದೆವು. ಬೆನ್ನ ಮೇಲೆ ಹಗ್ಗ, ಎರಡು ಚಾದರ, ನೀರು, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬಿಸಿಲು ಇಳಿದ ಮೇಲೆ ಏರೋದು, ರಾತ್ರಿ ಬಂಡೆಯ ನೆತ್ತಿ ಮೇಲೆ ಮಲಗೋದು, ನಸುಕಿನಲ್ಲಿ ಇನ್ನೊಮ್ಮೆ ಏರಿ ವಾಪಸ್. ದೋಸ್ತನಿಗೆ ಹಿಮಾಲಯದ ಹುಚ್ಚು. ಇಬ್ಬರೇ, ಒಂದೇ ಹಗ್ಗ, ಬೇಕಾದ್ದೆಲ್ಲ ನಮ್ಮ ಹೆಗಲ ಮೇಲೇ... ಇದಕ್ಕೆ ಆಲ್ಪೈನ್ ಪದ್ಧತಿ ಅಂತಾರೆ ಅಂತ ದಾರಿಯುದ್ದಕ್ಕೂ ಪಾಠ. "ಇಲ್ಲಿ ಹಿಮ ಎಲ್ಲೈತೋ?" ಅಂದ್ರೆ, "ಮಂಗ್ಯಾ ಅದಾವಲ್ಲ, ಸಾಕು" ಅಂದ :)

ಗುಹೆಗಳಿರೋ ಕಡೆ ಹೋಗಲಿಲ್ಲ. ಅದು ಪುರಾತತ್ವ ಇಲಾಖೆಯ ಜಾಗ, ಅಲ್ಲಿ ಹತ್ತೋದು ತಪ್ಪು. ದೂರದ ಬಂಡೆಯೊಂದನ್ನು ದೋಸ್ತ ಏರಿ ಮೇಲೆ ಹಗ್ಗ ಬಿಗಿದು ಕೂತಿದ್ದ. ಕೆಳಗೆ ಐದಾರು ಹುಡುಗರು ಸೇರಿದ್ದರು. ಮೇಲಿನ ಡೈಲಾಗ್ ಬಂದಿದ್ದು ಆಗಲೇ. ಮಾತು ಮುಗಿಯೋದರೊಳಗೆ ಅವರಲ್ಲೇ ಒಬ್ಬ, ಹದಿನಾರೋ ಹದಿನೇಳೋ ಇರಬೇಕು, ಪಕ್ಕದ ಬಿರುಕಿನಲ್ಲಿ ಏರತೊಡಗಿದ. ಸೀಟಿ, ಕೇಕೆ, ಎಲ್ಲರ ಮೊಬೈಲೂ ಮೇಲಕ್ಕೆ. ಮೂರಾಳೆತ್ತರ ಹೋದವನ ಕಾಲು ಗಡಗಡ ನಡುಗತೊಡಗಿತು. ಮೇಲಕ್ಕೂ ಆಗ್ತಿಲ್ಲ, ಕೆಳಕ್ಕೂ ಆಗ್ತಿಲ್ಲ.

ನಾನು ಹಗ್ಗದ ತುದಿ ಕಟ್ಟಿಕೊಂಡು ಅವನ ಪಕ್ಕಕ್ಕೆ ಏರಿದೆ. ಅವನ ಸೊಂಟಕ್ಕೂ ತೊಡೆಗೂ ಪಟ್ಟಿ ಸುತ್ತಿ ನನಗೆ ಬಿಗಿದುಕೊಂಡೆ. ದೋಸ್ತ ಮೇಲಿನಿಂದ ಗೇಣು ಗೇಣಾಗಿ ಇಬ್ಬರನ್ನೂ ಇಳಿಸಿದ. ಕೇಕೆ ಹಾಕಿದವರು ಯಾರೂ ಉಸಿರೆತ್ತಲಿಲ್ಲ. ಒಬ್ಬ ಮಾತ್ರ ಇನ್ನೂ ವಿಡಿಯೋ ಮಾಡ್ತಾನೇ ಇದ್ದ!

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಕೋತಿರಾಜ ಅಂತ ಕರೆಸಿಕೊಳ್ಳುವ ಜ್ಯೋತಿರಾಜರ ಮೇಲಂತೂ ಅಲ್ಲವೇ ಅಲ್ಲ. ಅವರು ವರ್ಷಗಟ್ಟಲೆ ಆ ಕೋಟೆಯ ಗೋಡೆಗಳ ಮೇಲೆ ಪಳಗಿದವರು. ಸಿಟ್ಟು ಇರೋದು ಕೆಳಗೆ ನಿಂತು ಸೀಟಿ ಹೊಡೆಯುವ ನಮ್ಮ ಮೇಲೆ. "ಸೂಪರ್ ಗುರೂ" ಅಂತ ಕಮೆಂಟು ಹಾಕುವ ನಾವು ನೀವು ಎಲ್ಲ ಸೇರಿ.

ಅಮೆರಿಕದ ಅಲೆಕ್ಸ್ ಹೊನಾಲ್ಡ್ 2017ರ ಜೂನ್ 3ರಂದು ಎಲ್ ಕ್ಯಾಪಿಟನ್ ಬಂಡೆಯನ್ನು, ಹತ್ತಿರ ಹತ್ತಿರ 900 ಮೀಟರ್, ಹಗ್ಗವಿಲ್ಲದೆ ಏರಿದ. ಸುಮಾರು ನಾಲ್ಕು ತಾಸು. ಅದಕ್ಕಿಂತ ಮುಂಚೆ ಅದೇ ದಾರಿಯನ್ನು ವರ್ಷಕ್ಕೂ ಮೇಲೆ ಹಗ್ಗ ಕಟ್ಟಿಕೊಂಡೇ ಅಭ್ಯಾಸ ಮಾಡಿದ್ದ. 2018ರ 'ಫ್ರೀ ಸೋಲೋ' ಚಿತ್ರದಲ್ಲಿ ಆ ಅಭ್ಯಾಸವೂ ಇದೆ. ನಮಗೆ ನೆನಪಿರೋದು ಆ ನಾಲ್ಕು ತಾಸು ಮಾತ್ರ.

"ಹಗ್ಗಾನೂ ಹರೀತದಲ್ಲ?" ಅನ್ನೋರಿದ್ದಾರೆ. ಹೌದು, ಹರಿಯುತ್ತೆ. 1865ರ ಜುಲೈ 14ರಂದು ಏಳು ಜನ ಮೊದಲ ಸಲ ಮ್ಯಾಟರ್‌ಹಾರ್ನ್ ತುದಿ ಮುಟ್ಟಿದರು. ಇಳಿಯುವಾಗ ಒಬ್ಬ ಜಾರಿದ, ಹಗ್ಗ ತುಂಡಾಯ್ತು, ನಾಲ್ವರು ಸತ್ತರು. ಹಾಗಂತ ಅಲ್ಲಿಯವರು ಹಗ್ಗ ಬಿಸಾಡಲಿಲ್ಲ. ಗಟ್ಟಿ ಹಗ್ಗ ಮಾಡಿದರು. ಈಗಿನ ನೈಲಾನ್ ಹಗ್ಗ ಬಿದ್ದವನ ಭಾರಕ್ಕೆ ತಾನೇ ಹಿಗ್ಗಿ ಹೊಡೆತವನ್ನು ನುಂಗಿಕೊಳ್ಳುತ್ತೆ. ಬಾದಾಮಿಯದು ಮರಳುಗಲ್ಲು, ಹಿಡಿದ ಅಂಚು ಮುರಿಯಬಹುದು, ಹೆಜ್ಜೇನು ಏಳಬಹುದು. ಎಷ್ಟೇ ಗುಂಡಿಗೆ ಇದ್ದರೂ ಮುರಿದ ಕಲ್ಲು ಮತ್ತೆ ಕೂಡೋದಿಲ್ಲ.

ಹಗ್ಗ ಏನು ಹೊರಗಿನಿಂದ ಬಂದದ್ದೂ ಅಲ್ಲ. ಬಾವಿಯ ಹೂಳು ತೆಗೆಯಲು ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುತ್ತೇವೆ. ಅವನನ್ನು ಯಾರಾದರೂ ಪುಕ್ಕಲ ಅಂದದ್ದುಂಟಾ? ಆ ಹಗ್ಗವನ್ನು ಕುಡಿದವನ ಕೈಗೆ ಯಾರಾದರೂ ಕೊಡ್ತಾರಾ? 2009ರಲ್ಲಿ, 2019ರಲ್ಲಿ ಮಲಪ್ರಭಾ ಉಕ್ಕಿದ್ದನ್ನು ನೋಡಿದ ಊರು ನಮ್ಮದು. ತುಂಬಿದ ಹೊಳೆಯ ಮುಂದೆ ಗಂಡಸ್ತನ ತೋರಿಸಬಾರದು ಅನ್ನೋದು ನಮ್ಮ ಹುಡುಗರಿಗೆ ಗೊತ್ತು. ಬಂಡೆಯ ಮುಂದೆ ಮಾತ್ರ ಯಾಕೆ ಮರೀತಾರೆ?

ರಾತ್ರಿ ನೆತ್ತಿಯ ಮೇಲೆ ಮಲಗಿದೆವು. ನನಗೆ ನಿದ್ದೆ ಹತ್ತಲಿಲ್ಲ. ನಸುಕಿನಲ್ಲಿ ದೋಸ್ತ ಇನ್ನೊಂದು ದಾರಿ ಏರುವಾಗ ಕಾಲು ಜಾರಿತು. ಅವನ ಭಾರವೆಲ್ಲ ಹಗ್ಗದ ಮೂಲಕ ಜಗ್ಗಂತ ನನ್ನ ಸೊಂಟಕ್ಕೆ ಬಂತು.

"ಹಿಡದೀಯೇನಲೇ?"

"ಹಿಡದೀನಿ."

ಇಷ್ಟೇ ಮಾತು. ಅವನು ಕಾಲು ಊರಿ ಮತ್ತೆ ಏರಿದ. ಇದರ ವಿಡಿಯೋ ಯಾರೂ ಮಾಡಲಿಲ್ಲ.

ಮುಂದಿನ ಸಲ ಯಾರಾದರೂ ಬಂಡೆ ಹತ್ತಿದ ಫೋಟೋ ಹಾಕಿದ್ರೆ, ಹೊಗಳೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ಹಗ್ಗ ಯಾರ ಕೈಯಲ್ಲಿತ್ತು? ಯಾರ ಕೈಯಲ್ಲೂ ಇರಲಿಲ್ಲ ಅಂದ್ರೆ ದಯವಿಟ್ಟು ಚಪ್ಪಾಳೆ ತಟ್ಟಬೇಡಿ.

ನೀವೇನಂತೀರಿ?