ಡ್ಯೂಪ್ ಇಲ್ಲದ ಫೈಟಿಂಗು!

ಯುದ್ಧದ ಡಾಕ್ಯುಮೆಂಟರಿ ಅಂದರೆ ಸಾಕು, ನಮ್ಮ ಹುಡುಗರು ಬೀಡಿ-ಚಹಾಕ್ಕೆಂದು ಎದ್ದು ಹೊರಗೆ ಹೋಗುವುದೇ ವಾಡಿಕೆ. ‘ಹಾಡಿಲ್ಲ, ಹೀರೋಯಿನ್ ಇಲ್ಲ, ಏನ್ ನೋಡೂದ್ರೀ ಅದ್ರಾಗ?’ ಎಂದು ಕಟಕೋಳ ಬಸ್ ಸ್ಟ್ಯಾಂಡಿನಲ್ಲಿ ಅಭಿಮಾನಿಯೊಬ್ಬ ನನಗೇ ಸವಾಲು ಹಾಕಿದ. ಫೈಟಿಂಗ್ ಬೇಕೇನ ತಮ್ಮಾ? ಹಾಗಾದರೆ ಕೇಳು.

1943ರಲ್ಲಿ ಬ್ರಿಟಿಷ್ ಸೈನ್ಯದ ಫಿಲ್ಮ್ ಘಟಕ ‘ಡೆಸರ್ಟ್ ವಿಕ್ಟರಿ’ ತಯಾರಿಸಿತು. ಸುಮಾರು ಒಂದು ತಾಸಿನ ಚಿತ್ರ. ನಿರ್ದೇಶಕ ರಾಯ್ ಬೋಲ್ಟಿಂಗ್. ಈಜಿಪ್ಟಿನ ಎಲ್ ಅಲಮೇನ್‌ನಿಂದ ಲಿಬಿಯಾದ ಟ್ರಿಪೋಲಿವರೆಗೆ ಜರ್ಮನ್ ಸೇನಾಪತಿ ರೊಮೆಲ್‌ನನ್ನು ಅಟ್ಟಿಸಿಕೊಂಡು ಹೋದ ಕಥೆ. ಆಸ್ಕರ್ ಕೂಡ ಬಂತು! 1942ರ ಅಕ್ಟೋಬರ್ 23ರ ರಾತ್ರಿ ಸುಮಾರು 900 ತೋಪುಗಳು ಗುಡುಗಿದ ದೃಶ್ಯ ಕಂಡರೆ ಎದೆ ಝಲ್ಲೆನ್ನುತ್ತದೆ. ಆದರೆ ಒಂದು ಗುಟ್ಟು... ಕತ್ತಲಲ್ಲಿ ದಾಳಿಗೆ ಕಾದು ನಿಂತ ಸಿಪಾಯಿಗಳ ಕೆಲವು ಕ್ಲೋಸಪ್ಪುಗಳನ್ನು ತೆಗೆದದ್ದು ಮರುಭೂಮಿಯಲ್ಲಲ್ಲ, ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ! ವೈರಿಯ ಎದುರು ಲೈಟ್ ಹಚ್ಚೋರು ಯಾರು ಹೇಳಿ?

ಈಗ ನಮ್ಮ ಬೆಳಗಾವಿ ಕ್ಯಾಂಪಿನ ಮರಾಠಾ ಪಲ್ಟನ್ನಿನ ಕಡೆ ಬನ್ನಿ. ಇದರ 3ನೇ ಬೆಟಾಲಿಯನ್ 1941ರಲ್ಲಿ ಆಫ್ರಿಕಾದ ಕೆರೆನ್ ಗುಡ್ಡಗಳಲ್ಲಿ ಕಾದಾಡಿತು. 1944ಕ್ಕೆ ಇಟಲಿಯ ಟೈಬರ್ ಕಣಿವೆ ಸೇರಿತ್ತು. ಜುಲೈ 10. ಮಷಿನ್‌ಗನ್ ಗುಂಡಿಗೆ ನಾಯಕ್ ಯಶವಂತ ಘಾಡಗೆಯ ತುಕಡಿಯ ಜವಾನರೆಲ್ಲ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಉಳಿದವ ಅವನೊಬ್ಬನೇ! ವಯಸ್ಸು 22. ಒಂಟಿಯಾಗಿ ನುಗ್ಗಿದ. ಗ್ರೆನೇಡ್ ಎಸೆದು ಮಷಿನ್‌ಗನ್ ಬಾಯಿ ಮುಚ್ಚಿಸಿದ. ಒಬ್ಬನಿಗೆ ಗುಂಡು ಹೊಡೆದ. ಮತ್ತೆ ಗುಂಡು ತುಂಬಲು ಪುರುಸೊತ್ತಿಲ್ಲ. ಬಂದೂಕನ್ನೇ ತಿರುವಿ ಹಿಡಿದು ಉಳಿದಿಬ್ಬರನ್ನು ಬಡಿದು ಕೆಡವಿದ. ಅಷ್ಟರಲ್ಲಿ ಮರೆಯಲ್ಲಿದ್ದವರ ಗುಂಡು ಎದೆಗೂ ಬೆನ್ನಿಗೂ ಬಿತ್ತು.

ಫೈಟ್ ಮಾಸ್ಟರ್ ಇಲ್ಲ, ರೀಟೇಕ್ ಇಲ್ಲ. ಇದು ನಮಗೆ ಗೊತ್ತಾದದ್ದು ರೀಲಿನಿಂದಲ್ಲ, ಸತ್ತ ಮೇಲೆ ಕೊಟ್ಟ ವಿಕ್ಟೋರಿಯಾ ಕ್ರಾಸ್ ಪದಕದ ಒಕ್ಕಣೆಯಿಂದ. ಇಲ್ಲಿ 1942ರಲ್ಲಿ ಜನ ‘ಚಲೇಜಾವ್’ ಅಂದ ಅದೇ ಸರಕಾರಕ್ಕಾಗಿ ಅಲ್ಲಿ ಈ ಹುಡುಗ ಪ್ರಾಣ ಬಿಟ್ಟ. ಕ್ಯಾಸಿನೋ ಸ್ಮಾರಕದ ಕಲ್ಲಿನ ಮೇಲೆ ಅವನ ಹೆಸರಿದೆ.

ಅಭಿಮಾನಿ ಬಂಧುಗಳೇ, ‘ಡೆಸರ್ಟ್ ವಿಕ್ಟರಿ’ ಈಗ ಮೊಬೈಲಿನಲ್ಲೇ ಸಿಗುತ್ತದೆ. ನೋಡ್ರಿ, ಶಿಳ್ಳೆನೂ ಹೊಡೀರಿ. ಆದರೆ ತೆರೆಯ ಮೇಲೆ ಯಾರ ಮುಖ ಬಂತು, ಯಾರದು ಬರಲಿಲ್ಲ ಅನ್ನೋದರ ಲೆಕ್ಕ ಇಟ್ಟುಕೊಳ್ಳಿ.

ಮುಂದಿನ ವಾರ ಸಿಗೋಣ!