ಊರಿನ ನೀರಿನ ಲೆಕ್ಕದಲ್ಲಿ ರಾಸುಗಳೂ ಇರಲಿ

ಹಾಲು ಉತ್ಪಾದಕ ಸಹೋದರಿಯರೇ,

2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾದ ಮೇಲೆ ಬಹಳಷ್ಟು ಹಳ್ಳಿಗಳಲ್ಲಿ ಮನೆ ಬಾಗಿಲಿಗೆ ನಲ್ಲಿ ಬಂದಿದೆ. ಬಿಂದಿಗೆ ಹೊರುವ ಕಷ್ಟ ಕಡಿಮೆಯಾಗಿದೆ. ಆದರೆ ಈ ಯೋಜನೆಯ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಹಾಲು ಕರೆಯುವ ಒಂದು ಮಿಶ್ರತಳಿ ಹಸು ಕುಡಿಯಲೇ ಸುಮಾರು 60 ಲೀಟರ್ ಬೇಕು. ನಾಲ್ಕು ಜನ, ಎರಡು ಹಸು ಇರುವ ಮನೆಗೆ 220 ಲೀಟರ್ ಬಂದರೆ ಅರ್ಧಕ್ಕಿಂತ ಹೆಚ್ಚು ಹಸುಗಳಿಗೇ ಹೋಯಿತು. ಮೈ ತೊಳೆಯಲು, ಕೊಟ್ಟಿಗೆ ತೊಳೆಯಲು ಬೇರೆ ಬೇಕು. ಈ ಕೊರತೆ ಯಾರ ತಲೆ ಮೇಲೆ ಬೀಳುತ್ತದೆಂದು ನಿಮಗೆ ಹೇಳಬೇಕಿಲ್ಲ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಸಗಣಿ, ಗಂಜಲದ ನೀರು ಬಿಟ್ಟರೆ ಚರಂಡಿ ಕಟ್ಟಿಕೊಂಡು ಸೊಳ್ಳೆ ಹೆಚ್ಚುತ್ತದೆ. ಆ ಕೊಳಚೆ ಇಂಗಿ ಬಾವಿ ಸೇರಿದರೆ, ಅದೇ ನೀರಿನಲ್ಲಿ ನಾವು ಕೆಚ್ಚಲು, ಕ್ಯಾನು ತೊಳೆಯುತ್ತೇವೆ. ಹಾಲು ಬೇಗ ಕೆಡುತ್ತದೆ. ಡೇರಿಯಿಂದ ವಾಪಸ್ ಬಂದರೆ ನಷ್ಟ ನಮ್ಮದೇ.

ಬಚ್ಚಲು ಗುಂಡಿ ಮಾಡಿಸಿ ಎಂದು ಪಂಚಾಯಿತಿಯವರು ಹೇಳುವುದು ಸರಿಯೇ. ಆದರೆ ಅದು ಸ್ನಾನದ, ಪಾತ್ರೆ ತೊಳೆದ ನೀರಿಗೆ. ಸಗಣಿ ನೀರು ಬಿಟ್ಟರೆ ಕಲ್ಲಿನ ಸಂದು ಮುಚ್ಚಿ ಇಂಗುವುದು ನಿಲ್ಲುತ್ತದೆ. ಕೊಟ್ಟಿಗೆಗೆ ಬೇರೆ ವ್ಯವಸ್ಥೆ ಬೇಕು. ಮೊದಲು ಸಗಣಿ ಬಾಚಿ ತಿಪ್ಪೆಗೋ ಗೋಬರ್ ಗ್ಯಾಸಿಗೋ ಹಾಕಿ. ತೊಳೆದ ನೀರನ್ನು ಸಣ್ಣ ತೊಟ್ಟಿಯಲ್ಲಿ ನಿಲ್ಲಿಸಿ, ಮೇಲಿನ ತಿಳಿಯನ್ನು ನೇಪಿಯರ್ ಹುಲ್ಲಿಗೆ ಹಾಯಿಸಿ. ತಿಪ್ಪೆ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ.

ಹಿತ್ತಿಲೇ ಇಲ್ಲದವರು ಏನು ಮಾಡಬೇಕು? ದನ ಕಟ್ಟಿದವರೇ ಊರು ಗಲೀಜು ಮಾಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ಗೊಬ್ಬರದ ಗುಂಡಿಗೆ ಜಾಗ ತೋರಿಸಿ, ಆಮೇಲೆ ದೂರಲಿ.

ಗ್ರಾಮಸಭೆಗೆ ಮುಂಚೆ ಮಹಿಳಾ ಗ್ರಾಮಸಭೆ ನಡೆಯಬೇಕು. ಅದಕ್ಕೆ ಸಂಘದ ಸದಸ್ಯೆಯರೆಲ್ಲ ಒಟ್ಟಾಗಿ ಹೋಗಿ. ಊರಿನ ರಾಸುಗಳ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮೂರು ವಿಷಯ ಕೇಳಿ: ನೀರಿನ ಲೆಕ್ಕಕ್ಕೆ ರಾಸುಗಳನ್ನು ಸೇರಿಸಿ, ಊರಾಚೆ ಗೊಬ್ಬರದ ಗುಂಡಿಗೆ ಜಾಗ ಕೊಡಿ, ಕುಡಿಯುವ ನೀರನ್ನು ಪರೀಕ್ಷಿಸಿ ಫಲಿತಾಂಶ ತಿಳಿಸಿ. ನೀರಿನ ಪರೀಕ್ಷೆಗೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂದು ಜಲ ಜೀವನ್ ಮಿಷನ್‌ನಲ್ಲೇ ಇದೆ. ನಿಮ್ಮೂರಿನಲ್ಲಿ ಆ ಐವರು ಯಾರೆಂದು ವಿಚಾರಿಸಿ.

ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿಕೊಂಡು ಕೇಳಿ, ಆಮೇಲೆಯೇ ಸಹಿ ಹಾಕಿ.